ಇನ್ನೂ ಸುಡದ ಗ್ಲೇಜ್ ಮೇಲೆ ಚಿತ್ರ ಬಿಡಿಸೋದು: ಅಳಿಸೋಕೆ ಚಾನ್ಸೇ ಇಲ್ಲ

ಬಿಳಿ ತಟ್ಟೆ ಮೇಲೆ ನೀಲಿ ಹೂಬಳ್ಳಿ ಇರೋ ಇಟಲಿಯ ಮಯೋಲಿಕಾ, ಹಾಲೆಂಡಿನ ಡೆಲ್ಫ್ಟ್ ಪಾತ್ರೆ ನೋಡಿರ್ತೀರಲ್ಲ, ಒಳಗಿರೋದು ಮಾಮೂಲಿ ಮಣ್ಣೇ, ಗ್ಲೇಜ್‌ಗೆ (ಸುಟ್ಟ ಮೇಲೆ ಗಾಜಿನ ಥರ ಆಗೋ ಲೇಪಕ್ಕೆ) ಸೇರಿಸೋ ತವರದ ಆಕ್ಸೈಡ್ ಅದನ್ನ ಬೆಳ್ಳಗೆ ಮುಚ್ಚಿಬಿಡುತ್ತೆ. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಚೀನಾದ ಬಿಳಿ ಪಾತ್ರೆ ನೋಡಿ, ಅಂಥ ಮಣ್ಣು ಸಿಗದೆ ಹುಡುಕ್ಕೊಂಡ ಉಪಾಯ ಇದು.

ತಟ್ಟೆ ಚೆನ್ನಾಗಿ ಒಣಗಿದ್ಮೇಲೆ ಸುಮಾರು 1000ದಿಂದ 1060 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದ್ಸಲ ಸುಟ್ಟು, ಆರಿದ್ಮೇಲೆ ಒದ್ದೆ ಸ್ಪಂಜಲ್ಲಿ ಧೂಳು ಒರೆಸಿ. ಗ್ಲೇಜ್ ತೆಳು ಕೆನೆ ಹದಕ್ಕಿರ್ಲಿ, ಎರಡ್ಮೂರು ಸೆಕೆಂಡ್ ಅದ್ದಿ ತೆಗೀರಿ. ತಳ ಮಾತ್ರ ಪೂರ್ತಿ ಒರೆಸಿ, ಇಲ್ಲಾಂದ್ರೆ ಪಾತ್ರೆ ಸುಡೋ ಗೂಡಿನ ಹಲಗೆಗೆ ಅಂಟ್ಕೊಳ್ಳುತ್ತೆ.

ಇನ್ನು ಅಸಲಿ ಕೆಲಸ. ಒಣಗಿದ ಗ್ಲೇಜ್ ಸೀಮೆಸುಣ್ಣದ ಪುಡಿ ಥರ ಇರುತ್ತೆ, ಬ್ರಷ್ ತಾಗಿದ್ ತಕ್ಷಣ ನೀರು ಹೀರ್ಕೊಂಡ್ಬಿಡುತ್ತೆ, ಅದಕ್ಕೇ ಉದ್ದ ಕೂದಲಿನ ಮೆತ್ತನೆ ಬ್ರಷ್ ತುಂಬಾ ಬಣ್ಣ ತಗೊಂಡು, ಉಸಿರು ಹಿಡಿದು, ಒಂದೇ ಎಳೆತಕ್ಕೆ ಗೆರೆ ಮುಗಿಸ್ಬೇಕು. ನಾನು ಒಂದ್ಸಲ ಎಲೆಯ ತುದಿ ಸರಿ ಮಾಡೋಣ ಅಂತ ಅಲ್ಲೇ ಮತ್ತೆ ಮತ್ತೆ ಉಜ್ಜಿದೆ, ಗ್ಲೇಜ್ ಕಿತ್ಬಂತು, ಸುಟ್ಟ ಮೇಲೆ ನೋಡಿದ್ರೆ ಎಲೆ ಮಧ್ಯೆ ಕೆಂಪು ಮಣ್ಣು ಇಣುಕ್ತಾ ಇದೆ! ಕೈ ಕೂರೋವರೆಗೂ ಒಡೆದ ಚೂರುಗಳಿಗೆ ಗ್ಲೇಜ್ ಹಚ್ಚಿ ಪ್ರಾಕ್ಟೀಸ್ ಮಾಡಿ.

ಡಿಸೈನ್ ಇಳಿಸೋಕೆ ಹಳೇ ಇಟಲಿಯವರ ದಾರಿ ಚೆನ್ನಾಗಿದೆ. ಪೇಪರಲ್ಲಿ ಬರೆದು ಗೆರೆಯುದ್ದಕ್ಕೂ ಸೂಜೀಲಿ ಚುಚ್ಚಿ, ತಟ್ಟೆ ಮೇಲಿಟ್ಟು ಇದ್ದಿಲ ಪುಡಿ ಕಟ್ಟಿದ ಬಟ್ಟೆ ಗಂಟಿಂದ ಮೆಲ್ಲಗೆ ತಟ್ಟಿ, ಚುಕ್ಕಿ ಬೀಳುತ್ತೆ, ಸುಡುವಾಗ ಇದ್ದಿಲು ತಾನೇ ಉರಿದು ಹೋಗುತ್ತೆ. ಅಂಚಿನ ಪಟ್ಟಿ ಎಳೆಯೋವಾಗ ಬ್ರಷ್ ಅಲ್ಲಾಡಿಸ್ಬೇಡಿ, ತಿರುಗಣೆ ತಿರುಗಿಸಿ.

ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ನೇರಳೆ-ಕಂದು ಗೆರೆಗೆ ಮ್ಯಾಂಗನೀಸ್. ಕೋಬಾಲ್ಟ್ ಆಕ್ಸೈಡ್ ಹಚ್ಚುವಾಗ ಕಪ್ಪಗಿರುತ್ತೆ, ನೀಲಿ ಕಾಣ್ತಿಲ್ಲ ಅಂತ ದಪ್ಪ ಹಚ್ಚಿದ್ರೆ ಸುಟ್ಟ ಮೇಲೂ ಕಪ್ಪೇ. ತಾಮ್ರ ಪಕ್ಕಕ್ಕೆ ಹರಡುತ್ತೆ, ಜಾಗ ಬಿಡಿ. ಹಳೇ ಕಾಲದ ಹಳದಿಯಲ್ಲಿ ಸೀಸ ಇರ್ತಿತ್ತು, ಅದರ ಸಹವಾಸ ಬೇಡ, ಸೀಸ ಇಲ್ಲದ ಸ್ಟೇನ್ (ರೆಡಿಮೇಡ್ ಬಣ್ಣದ ಪುಡಿ) ತಗೊಳ್ಳಿ. ಪುಡಿ ಕಲಸುವಾಗ ಮಾಸ್ಕ್ ಹಾಕಿ.

ಬಣ್ಣ ಒಣಗಿದ್ಮೇಲೆ ಅಂಚು ಹಿಡೀಬೇಡಿ, ತಳದಿಂದಲೇ ಎತ್ತಿ ಗೂಡಿಗಿಡಿ. ಗ್ಲೇಜ್‌ಗೆ ಹೇಳಿರೋ ಶಾಖಕ್ಕೆ ಎರಡನೇ ಸಲ ಸುಟ್ಟು, ಗೂಡು ಪೂರ್ತಿ ತಣ್ಣಗಾಗೋವರೆಗೂ ಬಾಗಿಲು ಮುಟ್ಬೇಡಿ, ಎಷ್ಟೇ ಕುತೂಹಲ ಇದ್ರೂ.