ನೀವು ಪರದೇಶದಲ್ಲಿ, ಸ್ಪೋರ್ಟ್ಸ್ ಕಾರು ಬೆಂಗಳೂರಿನಲ್ಲಿ: ಹಳೆಯದನ್ನು ಕೊಳ್ಳುವುದು, ಕೆಡದಂತೆ ಇಡುವುದು

ವರ್ಷಕ್ಕೆ ಎರಡು ಸಲ, ಒಟ್ಟು ಐದಾರು ವಾರ ಊರಿಗೆ ಬರುವವರು ಕಾರಿಗಿಂತ ಮೊದಲು ಹುಡುಕಬೇಕಾದದ್ದು ಕೀಲಿ ಹಿಡಿಯುವ ಮನುಷ್ಯನನ್ನು. ಆನೆ ತರುವ ಮುಂಚೆ ಮಾವುತ ಗೊತ್ತಾಗಿರಬೇಕು. ತಮ್ಮನೋ, ಭಾವನೋ, ಹಳೆಯ ಗೆಳೆಯನೋ, ಯಾರಾದರೂ ಸರಿ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೊಡುವವರಾಗಿರಬೇಕು, ಗೇರ್ ಹಾಕುವಾಗ ಸದ್ದು ಬದಲಾದರೆ ಗಮನಿಸುವವರಾಗಿರಬೇಕು. ಮದುವೆ ಮೆರವಣಿಗೆಗೆ ಕೇಳಿದವರಿಗೆಲ್ಲ ಗಾಡಿ ಕೊಟ್ಟುಬಿಡುವವರಂತೂ ಆಗಿರಬಾರದು. ಅಂಥವರು ಸಿಗದಿದ್ದರೆ ಈ ಆಸೆ ಮುಂದೂಡಿ. ಇಂಥ ಗಾಡಿಗಳು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು.

ಅಲ್ಲಿ ಓಡಿಸುತ್ತಿರುವ ಕಾರನ್ನೇ ಹಡಗಿಗೆ ಹಾಕಿ ತರುವ ಲೆಕ್ಕಾಚಾರ ಬೇಡ. ಹಾಗೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆಗೇ ಇರಬೇಕು. ಅಮೆರಿಕ, ಜರ್ಮನಿ, ದುಬೈ ಗಾಡಿಗಳು ಅಲ್ಲಿಗೇ ಬಿದ್ದುಹೋದವು. ಬ್ರಿಟನ್ನಿನದಾದರೂ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ.

ಯಾವ ಗಾಡಿ

ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಕೇಮನ್, ಬಿಎಂಡಬ್ಲ್ಯು ಝಡ್4, ಆಡಿ ಟಿಟಿ, ಫೋರ್ಡ್ ಮಸ್ಟಾಂಗ್, ಮಿನಿ ಕೂಪರ್ ಎಸ್, ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಆಗಾಗ ಕಾಣುತ್ತವೆ. ಒಂದೊಂದಕ್ಕೂ ಒಂದೊಂದು ಹುಟ್ಟುಗುಣ. 2008ರವರೆಗಿನ ಪೋರ್ಷೆ ಫ್ಲಾಟ್ ಸಿಕ್ಸ್ (ಆರು ಸಿಲಿಂಡರು ಅಡ್ಡ ಮಲಗಿದ) ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಎಂಬ ಚಿಕ್ಕ ಭಾಗವಿದೆ. ಅದು ಒಡೆದರೆ ಎಂಜಿನ್ ಪೂರ್ತಿ ಹೋಯಿತು. 2009ರಲ್ಲಿ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ದೂರದಲ್ಲಿರುವವರು ಅದಕ್ಕಿಂತ ಹಿಂದಿನದಕ್ಕೆ ಕೈ ಹಾಕದಿರುವುದು ಮೇಲು. ಝಡ್4 35ಐನ ವಿದ್ಯುತ್ ವಾಟರ್ ಪಂಪ್ ಮುನ್ಸೂಚನೆ ಕೊಡದೆ ನಿಂತುಬಿಡುತ್ತದೆ, ಹೈ ಪ್ರೆಶರ್ ಇಂಧನ ಪಂಪ್ ಮತ್ತು ಇಂಜೆಕ್ಟರುಗಳೂ ಖರ್ಚಿನ ಬಾಬ್ತು. 2012ಕ್ಕೆ ಮುಂಚಿನ ಟಿಟಿಯ ಟಿಎಫ್‌ಎಸ್‌ಐ ಎಂಬ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಸೋಲುವುದುಂಟು. ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಸಿಲ್ಕ್ ಬೋರ್ಡ್ ಬಳಿಯ ಇಂಚಿಂಚು ತೆವಳಾಟ ಆಗಿಬರುವುದಿಲ್ಲ, ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಬೇಗ ಕೈಕೊಡುತ್ತದೆ. ಆರು ಗೇರಿನ ಎಣ್ಣೆ ಕ್ಲಚ್ಚಿನದು ಗಟ್ಟಿ. ಆದರೆ 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಾಯಿಸಿರಬೇಕು.

ಇನ್ನು ನೆಲದಿಂದ ಎತ್ತರ. ಮಸ್ಟಾಂಗಿನದು ಸುಮಾರು 137 ಮಿ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರೋಡ್ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಆ ಅಳತೆಯಲ್ಲಿದ್ದರೆ ಯಾವ ಗಾಡಿಯೂ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿರುವುದು ರಾತ್ರೋರಾತ್ರಿ ಎದ್ದ ಸಿಮೆಂಟ್ ದಿಣ್ಣೆ. ಕೊಳ್ಳುವ ಮುಂಚೆ ಕೀಲಿ ಹಿಡಿಯುವವರ ಮನೆಯ ರ‍್ಯಾಂಪ್ ಮತ್ತು ಮುಖ್ಯರಸ್ತೆಯವರೆಗಿನ ಹಂಪುಗಳನ್ನು ಒಮ್ಮೆ ನಡೆದು ನೋಡಿಕೊಂಡು ಬನ್ನಿ. ದಾಟುವಾಗ ಓರೆಯಾಗಿ, ಒಂದು ಚಕ್ರದ ಹಿಂದೆ ಇನ್ನೊಂದು ಹತ್ತುವಂತೆ, ಬ್ರೇಕಿನಿಂದ ಕಾಲು ತೆಗೆದು ದಾಟಬೇಕು. ಬ್ರೇಕ್ ಒತ್ತಿದರೆ ಮೂತಿ ಇನ್ನೂ ತಗ್ಗುತ್ತದೆ.

ನೋಡುವ ದಿನ

ಮಾರುವವರಿಗೆ ಮೊದಲೇ ಹೇಳಿ: ನಮ್ಮವರು ಬರುವತನಕ ಎಂಜಿನ್ ಶುರು ಮಾಡಬೇಡಿ. ನಿಮ್ಮ ಕಡೆಯವರು ಹೋದ ಕೂಡಲೇ ಎಂಜಿನ್ ಇರುವ ಕಡೆ ಕೈಯಿಟ್ಟು ನೋಡಲಿ, ಬಾಕ್ಸ್‌ಸ್ಟರ್ ಆದರೆ ಹಿಂಬದಿಯಲ್ಲಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ತಿರುಗಿ ಬರಲಿ. ತಣ್ಣಗಿರುವ ಎಂಜಿನ್ನಿನ ಮೊದಲ ಮೂವತ್ತು ಸೆಕೆಂಡಿನಲ್ಲಿ ಹೊರಬೀಳುವ ಗುಟ್ಟು ಬಿಸಿಯಾದ ಮೇಲೆ ಮುಚ್ಚಿಹೋಗುತ್ತದೆ. ಚೈನಿನ ಖಟಖಟ, ಹೊಗೆಯ ಬಣ್ಣ, ಐಡಲಿನ ಕುಂಟಾಟ ಎಲ್ಲವನ್ನೂ ವಿಡಿಯೊ ಕಾಲಿನಲ್ಲಿ ನೀವೇ ನೋಡಿ, ಕೇಳಿ.

ಓಡೋಮೀಟರ್ ನಂಬಬೇಡಿ, ಲೆಕ್ಕ ಹಾಕಿ. ಪೋರ್ಷೆಯಂಥ ಗಾಡಿಗಳಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು ಅದರ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಓದಿಸಿ. ಮೀಟರಿನಲ್ಲಿ 18,000 ಕಿ.ಮೀ., ಕಂಪ್ಯೂಟರಿನಲ್ಲಿ 800 ಗಂಟೆ ಇದ್ದರೆ ಸರಾಸರಿ ವೇಗ ಗಂಟೆಗೆ 22 ಕಿ.ಮೀ. ಚಿಲ್ಲರೆ. ಬೆಂಗಳೂರಿಗೆ ಹೇಳಿಸಿದ ಲೆಕ್ಕ. ಅದೇ 18,000ಕ್ಕೆ 2,000 ಗಂಟೆ ಬಂದರೆ ಗಂಟೆಗೆ 9 ಕಿ.ಮೀ. ನಮ್ಮ ಟ್ರಾಫಿಕ್ ಎಷ್ಟೇ ಹಾಳಾಗಿದ್ದರೂ ಅಷ್ಟು ಹಾಳಲ್ಲ, ಮೀಟರ್ ತಿರುಗಿಸಿದ್ದಾರೆ. ಅದೇ ವರದಿಯಲ್ಲಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ ಎಣಿಕೆಯೂ ಇರುತ್ತದೆ, ಮ್ಯಾನ್ಯುಯಲ್ ಗಾಡಿಯಾದರೆ ಅದನ್ನು ತಪ್ಪದೆ ನೋಡಿ.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದು ನೆನಪಿರಬೇಕಲ್ಲ? ವಿಮೆಯವರು ಕೈಬಿಟ್ಟ ಗಾಡಿಗಳೂ ತೊಳೆದು ಒಣಗಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆಯಿದ್ದರೆ ಯಾರೂ ಅಳಿಸಿರುವುದಿಲ್ಲ. ಸೀಟಿನ ಹಳಿಯ ಬೋಲ್ಟುಗಳ ತುಕ್ಕು, ಕಾರ್ಪೆಟ್ಟಿನ ಕೆಳಗಿನ ಸ್ಪಂಜಿನ ಮುಗ್ಗಲು ವಾಸನೆ, ಡ್ಯಾಶ್‌ಬೋರ್ಡಿನ ಅಡಿಯ ವೈರು ಜೋಡಣೆಗಳಲ್ಲಿ ಹಸಿರು ಕಿಲುಬು: ಇವುಗಳಲ್ಲಿ ಒಂದಿದ್ದರೂ ಬಿಟ್ಟು ಬನ್ನಿ, ಎಷ್ಟೇ ಅಗ್ಗವಿರಲಿ.

ಪೇಂಟಿನ ದಪ್ಪ ಅಳೆಯುವ ಮೀಟರಿನಲ್ಲಿ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. 300 ದಾಟಿದರೆ ಕೆಳಗೆ ಪುಟ್ಟಿಯಿರುವ ಅನುಮಾನ. 2012ರ ನಂತರದ ಬಾಕ್ಸ್‌ಸ್ಟರಿನ ಬಾಗಿಲು, ಮಸ್ಟಾಂಗಿನ ಬಾನೆಟ್ ಅಲ್ಯೂಮಿನಿಯಂನವು, ಕಬ್ಬಿಣಕ್ಕೆ ಮಾತ್ರ ಆಗುವ ಅಗ್ಗದ ಮೀಟರ್ ಅಲ್ಲಿ ಏನೂ ಹೇಳುವುದಿಲ್ಲ. ಟೈರಿನ ಪಕ್ಕದ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಟ್ರೆಡ್ ಸವೆಯದೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರನ್ನು ಟೈರೆಂದು ಲೆಕ್ಕಕ್ಕೆ ಹಿಡಿಯಬೇಡಿ. 2012ರ ನಂತರದ ಬಾಕ್ಸ್‌ಸ್ಟರಿಗೆ 18 ಇಂಚಿನಲ್ಲಿ ಮುಂದೆ 235/45, ಹಿಂದೆ 265/45. ಅಳತೆ ಬೇರೆ ಬೇರೆಯಾದ್ದರಿಂದ ಹಿಂದೆ ಮುಂದೆ ಅದಲು ಬದಲು ಮಾಡಿ ಸವೆತ ಹಂಚುವಂತಿಲ್ಲ. ನಾಲ್ಕೂ ಹೊಸದು ಹಾಕಿಸುವ ಖರ್ಚು ಬೆಲೆಯ ಮಾತುಕತೆಯಲ್ಲೇ ಬರಲಿ.

ಕಾಗದ

ದಿಲ್ಲಿ, ಪುದುಚೇರಿ ನೋಂದಣಿಯ ಗಾಡಿಗಳು ಅಗ್ಗ. ಯಾಕೆ ಅಗ್ಗವೆಂದರೆ ಕರ್ನಾಟಕದ ಜೀವಾವಧಿ ತೆರಿಗೆ ಅದರ ಮೇಲೆ ಇನ್ನೂ ಬಿದ್ದಿಲ್ಲ. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿ ಶೇ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಹೊರರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಮರುನೋಂದಣಿ ಕಡ್ಡಾಯ. ಅದಕ್ಕೆ ಮೂಲ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28 ಬೇಕು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಇಂಥ ಹಲವು ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಹಿಡಿದು ನಿಲ್ಲಿಸಿತು. ನೀವು ಟೊರಾಂಟೊದಲ್ಲಿರುವಾಗ ಅದನ್ನು ಬಿಡಿಸಿಕೊಳ್ಳಲು ಓಡಾಡುವವರು ಯಾರು? ಕೆಎ ನಂಬರಿನದನ್ನೇ ಕೊಳ್ಳಿ.

ಸಹಿ ಹಾಕಲು ನೀವು ಇಲ್ಲಿಲ್ಲದಿದ್ದರೆ ಕಾರಿನ ಖರೀದಿ, ನೋಂದಣಿ, ವಿಮೆಗೆ ಮಾತ್ರ ಸೀಮಿತವಾದ ವಿಶೇಷ ಅಧಿಕಾರ ಪತ್ರ ಸಾಕು. ಆಸ್ತಿಪಾಸ್ತಿಯನ್ನೆಲ್ಲ ಬಿಟ್ಟುಕೊಡುವ ಜನರಲ್ ಪವರ್ ಆಫ್ ಅಟಾರ್ನಿ ಬೇಡ. ಆ ವಿಶೇಷ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು, ಬಹಳ ಜನ ಮರೆಯುವುದು ಇದನ್ನೇ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಫಾರಂ 35. ಬಾಕಿ ಚಲನ್‌ಗಳನ್ನು ಹಣ ಕೊಡುವ ಮುಂಚೆಯೇ ನೋಡಿ. ಹಳೆಯ ಮಾಲೀಕನ ಫಾಸ್ಟ್ಯಾಗ್ ಕಿತ್ತು, ನಿಮ್ಮ ಹೆಸರಿನದು ಹಾಕಿಸಿ.

ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತಡವಾದರೆ ಎದುರಿನವರಿಗೆ ಆದ ನಷ್ಟಕ್ಕೆ ರಕ್ಷಣೆ ಇರುತ್ತದೆ, ನಿಮ್ಮ ಕಾರಿಗಾದ ಪೆಟ್ಟಿಗೆ ಹಣ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಸೇರಿಸಲೇಬೇಕು; ನೀರು ಹೀರಿ ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿ ಕೈಯೆತ್ತುತ್ತದೆ. ನವೀಕರಣ ಮರೆತು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಯಿತು. ನಿಮ್ಮ ಇಲ್ಲಿನ ಲೈಸೆನ್ಸಿನ ಅವಧಿಯನ್ನೂ ನೋಡಿಕೊಳ್ಳಿ. ಅದು ಮುಗಿದಿದ್ದು ನೀವು ಗುದ್ದಿದರೆ ಉಳಿದ ಕಾಗದಗಳೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಹತ್ತು ತಿಂಗಳ ನಿದ್ದೆ

ಮೊದಲು ಸಾಯುವುದು ಬ್ಯಾಟರಿ. ಲಾಕ್ ಮಾಡಿ ನಿಂತ ಕಾರು ಅಲಾರ್ಮ್, ಕೀಲಿಯ ರಿಸೀವರಿಗೆಂದು 20ರಿಂದ 50 ಮಿಲಿ ಆಂಪಿಯರ್ ಕುಡಿಯುತ್ತಲೇ ಇರುತ್ತದೆ. 50 ಎಂದರೆ ದಿನಕ್ಕೆ 1.2 ಆಂಪಿಯರ್ ಅವರ್. 70ರ ಬ್ಯಾಟರಿ ಎರಡು ತಿಂಗಳೊಳಗೆ ಪೂರ್ತಿ ಬರಿದು, ಪದೇ ಪದೇ ಹಾಗಾದರೆ ಬ್ಯಾಟರಿಯೇ ಹಾಳು. ಪಾರ್ಕಿಂಗಿನಲ್ಲಿ ಒಂದು ಪ್ಲಗ್ ಪಾಯಿಂಟ್ ಹಾಕಿಸಿ, ಎಜಿಎಂ ಎಂಬ ಬಗೆಯ ಬ್ಯಾಟರಿಗೆ ಹೊಂದುವ 5 ಆಂಪಿಯರಿನ ಸ್ಮಾರ್ಟ್ ಚಾರ್ಜರ್ ಸಿಕ್ಕಿಸಿಬಿಡಿ. ಅಪಾರ್ಟ್‌ಮೆಂಟ್ ಸಂಘದ ಅನುಮತಿ ಕೇಳುವುದೇ ಇದರಲ್ಲಿ ಕಷ್ಟದ ಭಾಗ. ಬಾಕ್ಸ್‌ಸ್ಟರಿನ ಬ್ಯಾಟರಿ ಇರುವುದು ಮುಂದಿನ ಬಾನೆಟ್ಟಿನ ಕೆಳಗೆ, ಆ ಬಾನೆಟ್ ತೆರೆಯುವುದು ಅದೇ ಬ್ಯಾಟರಿಯಿಂದ. ಬರಿದಾದರೆ ಮೆಕ್ಯಾನಿಕ್ ಕೂಡ ಪೆಚ್ಚಾಗಿ ನಿಲ್ಲುತ್ತಾನೆ. ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ಹೊರಗೆಳೆಯುವ ಕೆಂಪು ಟರ್ಮಿನಲ್ ಇದೆ: ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್, ಬಾಗಿಲಿನ ಲೋಹದ ಕೊಂಡಿಗೆ ಮೈನಸ್ ಕೊಟ್ಟು ಬಾನೆಟ್ ಬಟನ್ ಒತ್ತಬೇಕು. ಇದನ್ನು ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟರೆ ಸಾಲದು, ಕೀಲಿ ಹಿಡಿದವರಿಗೆ ಒಮ್ಮೆ ಮಾಡಿ ತೋರಿಸಿ.

ದಿನಾ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡುವುದು ಸೇವೆಯಲ್ಲ, ಅಪಕಾರ. ಎಂಜಿನ್ ಬಿಸಿಯಾಗುವ ಮುಂಚೆ ಆರಿಸಿದರೆ ನೀರಿನಂಶ, ಸುಡದ ಪೆಟ್ರೋಲ್ ಎರಡೂ ಎಣ್ಣೆಗೆ ಸೇರಿಕೊಳ್ಳುತ್ತವೆ. ಸ್ಟಾರ್ಟ್ ಮಾಡಿದರೆ ಕನಿಷ್ಠ 20-25 ಕಿ.ಮೀ. ಓಡಿಸಬೇಕು, ಇಲ್ಲದಿದ್ದರೆ ಮುಟ್ಟಲೇಬಾರದು. ಹದಿನೈದು ದಿನಕ್ಕೊಂದು ಭಾನುವಾರ ಬೆಳಗ್ಗೆ ಆರಕ್ಕೆ ನೈಸ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ತುಮಕೂರು ರಸ್ತೆಯವರೆಗೆ ಒಮ್ಮೆ ಹೋಗಿಬಂದರೆ ಎಣ್ಣೆ, ಗೇರ್‌ಬಾಕ್ಸ್, ಟೈರ್ ಎಲ್ಲಕ್ಕೂ ಆಯಿತು. ಹತ್ತು ನಿಮಿಷ ಎಸಿ ಹಾಕಿರಲಿ, ಕಂಪ್ರೆಸರಿನ ಸೀಲ್ ಒಣಗುವುದಿಲ್ಲ.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಅರ್ಧ ಟ್ಯಾಂಕ್ ಬಿಟ್ಟುಹೋದರೆ ಖಾಲಿ ಜಾಗದ ತೇವವೆಲ್ಲ ಇಂಧನಕ್ಕೆ. ಭರ್ತಿ ಮಾಡಿ, ಫ್ಯೂಯೆಲ್ ಸ್ಟೆಬಿಲೈಸರ್ ಬೆರೆಸಿ, ಅದೇ 20-25 ಕಿ.ಮೀ. ಓಡಿಸಿ ನಿಲ್ಲಿಸಿ. ಟೈರಿಗೆ ಮಾಮೂಲಿಗಿಂತ ಹತ್ತು ಪಿಎಸ್‌ಐ ಹೆಚ್ಚು ಗಾಳಿ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯೊಳಗೆ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಬ್ರೇಕ್ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲೋ ಪಾರ್ಕಿನಲ್ಲೋ ಇಟ್ಟು ಚಕ್ರಕ್ಕೆ ಮರದ ಅಡ್ಡಗಟ್ಟೆ ಕೊಡಿ.

ಬೇಸ್‌ಮೆಂಟಿನ ನಿಜವಾದ ಒಡೆಯ ಇಲಿ. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ. ವೈರುಗಳ ಒಂದು ಕಟ್ಟು (ಹಾರ್ನೆಸ್) ಬದಲಾಯಿಸಲು ಡ್ಯಾಶ್‌ಬೋರ್ಡೇ ಬಿಚ್ಚಬೇಕಾದೀತು. ಗಾಳಿ ಒಳಬರುವ ಬಾಯಿಗೂ ಸೈಲೆನ್ಸರ್ ಕೊಳವೆಗೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಿಕ್ಕಿಸಿ, ಸ್ಟೀರಿಂಗಿಗೆ ಕೆಂಪು ಪಟ್ಟಿ ಕಟ್ಟಿ, ಇಲ್ಲದಿದ್ದರೆ ಜಾಲರಿ ತೆಗೆಯದೆ ಸ್ಟಾರ್ಟ್ ಮಾಡಿಬಿಡುತ್ತಾರೆ. ಹೊದಿಕೆ ಹತ್ತಿಯದಿರಲಿ, ಪ್ಲಾಸ್ಟಿಕ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಟಾಪ್ ಮಡಚುವ ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಬೇಡಿ: ಎಲೆ, ಹೂವು ಮೇಲ್ಛಾವಣಿಯ ನೀರಿನ ಕಿಂಡಿ ಮುಚ್ಚುತ್ತವೆ, ಮಳೆನೀರು ಒಳಗಿಳಿದು ಸೀಟಿನಡಿಯ ಕಂಟ್ರೋಲ್ ಮಾಡ್ಯೂಲ್ ತೊಯ್ಯುತ್ತದೆ. ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಮುಂಚೆ ಆ ಕಿಂಡಿಗೆ ಒಂದು ಲೋಟ ನೀರು ಹೊಯ್ದು ಕೆಳಗೆ ಹರಿಯುತ್ತದೆಯೇ ನೋಡಲಿ.

ತಿಂಗಳಿಗೊಮ್ಮೆ ನಾಲ್ಕು ಫೋಟೊ ಕೇಳಿ: ಓಡೋಮೀಟರ್, ಬ್ಯಾಟರಿ ವೋಲ್ಟೇಜ್ (12.4ಕ್ಕಿಂತ ಕೆಳಗೆ ಇಳಿಯಬಾರದು), ಟೈರ್ ಗಾಳಿ, ಎಂಜಿನ್ನಿನ ಕೆಳಗೆ ಹಾಸಿದ ರಟ್ಟು. ರಟ್ಟಿನ ಮೇಲೆ ಕಂದು ಕಲೆ ಎಣ್ಣೆಯದು, ಗುಲಾಬಿಯೋ ಹಸಿರೋ ಇದ್ದರೆ ಕೂಲೆಂಟ್. ಬಣ್ಣವಿಲ್ಲದ್ದು ಎಸಿಯ ನೀರು, ಚಿಂತೆಯಿಲ್ಲ.

ಸರ್ವಿಸನ್ನು ಕಿಲೋಮೀಟರಿಗೆ ಕಾಯದೆ ವರ್ಷಕ್ಕೊಮ್ಮೆ ಮಾಡಿಸಿ, 2,000 ಕಿ.ಮೀ. ಓಡಿದ್ದರೂ ಸರಿ. ಪೋರ್ಷೆಗೆ ಆ ಕಂಪನಿಯದೇ ಎ40 ಅನುಮೋದನೆ ಇರುವ ಎಣ್ಣೆ, ಸಾಮಾನ್ಯವಾಗಿ 0ಡಬ್ಲ್ಯು-40. ಡಾಟ್ 4 ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ: ಹೊಸದಕ್ಕೆ ಕನಿಷ್ಠ 230 ಡಿಗ್ರಿಯಿರುವ ಕುದಿಬಿಂದು ತೇವ ಹೀರಿದ ಮೇಲೆ 155ರ ಹತ್ತಿರಕ್ಕೆ ಇಳಿಯುತ್ತದೆ, ನಂದಿಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಅದರಿಂದಲೇ. ಬಿಡಿಭಾಗಗಳನ್ನು ಅಲ್ಲಿಂದ ಸೂಟ್‌ಕೇಸಿನಲ್ಲಿ ತರುವುದಾದರೆ ಫಿಲ್ಟರ್, ಸ್ಪಾರ್ಕ್ ಪ್ಲಗ್, ಸೆನ್ಸರುಗಳಂಥ ಹಗುರದವನ್ನು ತನ್ನಿ. ನಿಮ್ಮ ಚಾಸಿ ನಂಬರಿಗೆ ಹೊಂದುವ ಪಾರ್ಟ್ ನಂಬರನ್ನೇ ನೋಡಿ. ಎಣ್ಣೆ, ಬ್ಯಾಟರಿ, ಕ್ಲ್ಯಾಂಪ್, ಹೋಸುಗಳಿಗೆ ಜೆ.ಸಿ. ರಸ್ತೆ ಸಾಕು.

ಬಂದಿಳಿದ ಮೇಲೆ

ರಾತ್ರಿಯಿಡೀ ವಿಮಾನದಲ್ಲಿ ಕೂತುಬಂದ ಬೆಳಗ್ಗೆ ಕೀಲಿ ತಿರುಗಿಸಬೇಡಿ, ಮರುದಿನವಾಗಲಿ. ಜಾಲರಿ ತೆಗೆಯಿರಿ, ಗಾಳಿಯನ್ನು ಬಾಗಿಲ ಪಟ್ಟಿಯಲ್ಲಿ ಬರೆದಷ್ಟಕ್ಕೆ ಇಳಿಸಿ, ಬ್ರೇಕ್ ಪೆಡಲ್ ಒತ್ತಿ ಗಟ್ಟಿಯಿದೆಯೇ ನೋಡಿ. ಡಿಸ್ಕಿನ ಮೇಲಿನ ತೆಳು ತುಕ್ಕು ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಆರೇಳು ಸಲ ಬ್ರೇಕ್ ಹಾಕಿದರೆ ಉಜ್ಜಿಹೋಗುತ್ತದೆ. ಮೊದಲ ಹದಿನೈದು ನಿಮಿಷ 3,000 ಆರ್‌ಪಿಎಂ ದಾಟಿಸಬೇಡಿ. ಎಣ್ಣೆ ಬಿಸಿಯಾಗುವುದು ಕೂಲೆಂಟ್ ಮುಳ್ಳು ನಡುವಿಗೆ ಬಂದು ಬಹಳ ಹೊತ್ತಾದ ಮೇಲೆ.

ಹೊರಡುವಾಗ ಎರಡನೇ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತುವವರೇ ಹೆಚ್ಚು. ಕಾರು ಕಳುವಾದರೆ ವಿಮೆಯವರು ಎರಡೂ ಕೀಲಿ ಕೇಳುತ್ತಾರೆ. ಆ ಎರಡನೇ ಕೀಲಿಯ ಒಳಗಿನ ಗುಂಡಿ ಸೆಲ್ ತೆಗೆದು, ಆರ್‌ಸಿಯ ಪ್ರತಿಯ ಜೊತೆ ಇಲ್ಲೇ ಬೀರುವಿನಲ್ಲಿಡಿ.