ಅಮ್ಮನಿಗೆ ಅವರದ್ದೇ ಹಾಡು: ಅಲ್ಝೈಮರ್ ಇರುವವರಿಗೆ ಹಾಡಿನ ಪಟ್ಟಿ ಮಾಡುವುದು ಹೇಗೆ?

ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಲ್ಲಿ ಪದೇ ಪದೇ ಕಾಣುವುದು ಇದನ್ನೇ. ಟಿ.ವಿ.ಯಲ್ಲಿ ಬೆಳಗಿನಿಂದ ಭಕ್ತಿಗೀತೆ ಓಡುತ್ತಿರುತ್ತದೆ, ಅಜ್ಜಿ ಗೋಡೆ ನೋಡುತ್ತಾ ಕೂತಿರುತ್ತಾರೆ. ‘ಹಾಡು ಹಾಕಿ ನೋಡಿದ್ವಿ, ಏನೂ ಪ್ರಯೋಜನ ಇಲ್ಲ’ ಎನ್ನುತ್ತಾರೆ ಮನೆಯವರು. ಯಾವುದೋ ಹಾಡು ಹಾಕಿದರೆ ಆಗದು. ಅವರ ಹಾಡೇ ಬೇಕು.

ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗವನ್ನು. ಹಳೆಯ ಹಾಡುಗಳ ನೆನಪಿಗೆ ಸಂಬಂಧಿಸಿದ ಜಾಗಗಳಿಗೆ ಅಷ್ಟು ಬೇಗ ಪೆಟ್ಟು ಬೀಳುವುದಿಲ್ಲ ಎಂದು 2015ರಲ್ಲಿ ‘ಬ್ರೇನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತ್ತು. ಮಗನ ಹೆಸರು ಮರೆತವರೂ ಪಲ್ಲವಿ ಗುನುಗುವುದು ಇದರಿಂದಲೇ ಇರಬಹುದು. ಹಾಡಿನಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮನಸ್ಸು ಹಗುರಾಗುತ್ತದೆ, ಅದೇ ದೊಡ್ಡದು. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಮೊದಲು ಕಿವಿ ತೋರಿಸಿ. ಗುಗ್ಗೆ ಕಟ್ಟಿದ್ದರೆ ಡಾಕ್ಟರ ಹತ್ತಿರ ತೆಗೆಸಿ.

ಆಮೇಲೆ ಹಾಡು ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಹತ್ತರಿಂದ ಮೂವತ್ತು ವಯಸ್ಸಿನೊಳಗೆ ಕೇಳಿದ್ದು ಜಾಸ್ತಿ ಗಟ್ಟಿಯಾಗಿ ಉಳಿಯುತ್ತದೆ. 1945ರಲ್ಲಿ ಹುಟ್ಟಿದವರಿಗಾದರೆ 1955ರಿಂದ 1975ರವರೆಗಿನ ಹಾಡುಗಳನ್ನು ಹುಡುಕಿ. ವಿವಿಧ ಭಾರತಿ ಶುರುವಾದದ್ದು 1957ರಲ್ಲಿ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲ ಅದು. ಆದರೆ ಸಿನಿಮಾ ಹಾಡಿಗೇ ನಿಂತುಬಿಡಬೇಡಿ. ರೇಡಿಯೊ ಇಲ್ಲದ ಮನೆಯಲ್ಲಿ ಬೆಳೆದವರಿಗೆ ಬೀಸುವ ಪದ, ಸೋಬಾನೆ, ಕೋಲಾಟದ ಪದ ಇರುತ್ತವೆ. ಕಂಪನಿ ನಾಟಕಕ್ಕೆ ಓಡುತ್ತಿದ್ದವರಿಗೆ ರಂಗಗೀತೆ, ಕರಾವಳಿಯವರಿಗೆ ಯಕ್ಷಗಾನದ ಭಾಗವತರ ಪದ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಜೋಗುಳವೂ ಅದೇ ಭಾಷೆಯದಿರಲಿ.

ಇದನ್ನೆಲ್ಲ ಅವರ ಬಾಯಿಂದ ಹೊರಡಿಸಲು ಹೋಗಬೇಡಿ. ಅವರ ತಂಗಿಯನ್ನೋ ಓರಗೆಯ ಗೆಳತಿಯನ್ನೋ ಕೇಳಿ. ‘ಅಕ್ಕನಿಗೆ ಯಾವ ಹಾಡು ಇಷ್ಟ ಚಿಕ್ಕಮ್ಮ?’ ಎಂದರೆ ‘ಎಲ್ಲಾನೂ ಇಷ್ಟಪಡ್ತಿದ್ಲು ಕಣೋ’ ಅಂತ ಮುಗಿಸಿಬಿಡುತ್ತಾರೆ. ‘ಮದುವೇಲಿ ಆರತಿ ಎತ್ತುವಾಗ ಇಬ್ಬರೂ ಏನು ಹೇಳ್ತಿದ್ರಿ?’ ಎಂದು ಕೇಳಿ ನೋಡಿ, ಅಲ್ಲೇ ಹಾಡಲು ಶುರುಮಾಡುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಊರಿಂದೂರಿಗೆ ಧಾಟಿ ಬದಲಾಗುತ್ತದೆ, ಆ ಧಾಟಿ ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ತಂಗಿ ಹಾಡಿದ ಬೀಸುವ ಪದ ಕೇಳಿಸಿದಾಗ, ಮಡಿಲಲ್ಲಿದ್ದ ಬಲಗೈ ಮುಷ್ಟಿ ಕಟ್ಟಿ, ಬೀಸುಕಲ್ಲಿನ ಗೂಟ ಹಿಡಿದಂತೆ ನಿಧಾನಕ್ಕೆ ಸುತ್ತತೊಡಗಿತು. ಅದೇ ಪದವನ್ನು ಕೀಬೋರ್ಡ್ ತಾಳ ಸೇರಿಸಿ ಹೊಸದಾಗಿ ಹಾಡಿದ್ದನ್ನು ಹಾಕಿದರೆ ಕೈ ಅಲುಗಲೇ ಇಲ್ಲ. ಸಿನಿಮಾ ಹಾಡಾದರೂ ಅಷ್ಟೇ, ಮೂಲ ದನಿಯದ್ದೇ ಬೇಕು. ರೀಮಿಕ್ಸ್ ಬೇಡವೇ ಬೇಡ.

ಹತ್ತು ಹಾಡು ಸಿಕ್ಕರೆ ಶುರುಮಾಡಬಹುದು. ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ನೇರ ಯೂಟ್ಯೂಬಿನಿಂದ ಹಾಕಿದರೆ ಹಾಡಿನ ನಡುವೆ ಜಾಹೀರಾತು ಅರಚುತ್ತದೆ, ಅವರು ಬೆಚ್ಚಿಬೀಳುತ್ತಾರೆ. ಹಾಡು ತುಂಬಿಸಿಯೇ ಮಾರುವ ರೇಡಿಯೊಗಳ ಗುಂಡಿಗಳು ಸುಲಭ, ಆದರೆ ಅದರಲ್ಲಿರುವುದು ಬೇರೆಯವರು ಆರಿಸಿದ ಹಾಡು. ಪೆನ್‌ಡ್ರೈವ್ ಹಾಕಲು ಜಾಗವಿದ್ದರೆ ಮಾತ್ರ ಕೊಳ್ಳಿ. ಕಿವಿಯೊಳಗೆ ತುರುಕುವ ಇಯರ್‌ಬಡ್ಸ್ ಬೇಡ, ಕಿತ್ತೆಸೆಯುತ್ತಾರೆ. ಸಣ್ಣ ಸ್ಪೀಕರ್ ಸಾಕು.

ಹಾಡು ಹಾಕುವಾಗ ಟಿ.ವಿ. ಆರಿಸಿ, ಎದುರಿಗೆ ಕೂತುಕೊಳ್ಳಿ. ಒಂದೊಂದೇ ಹಾಡು ಹಾಕಿ ಮುಖ ನೋಡಿ. ತುಟಿ ಅಲುಗಿತಾ? ಬೆರಳು ತಾಳ ಹಾಕಿತಾ? ಬರೆದಿಟ್ಟುಕೊಳ್ಳಿ. ಕಣ್ಣು ತೇವವಾದರೆ ಗಾಬರಿ ಬೇಡ, ಕೈ ಹಿಡಿದುಕೊಂಡು ಕೂತಿರಿ. ಹುಬ್ಬು ಗಂಟಿಕ್ಕಿದರೆ, ಎದ್ದು ಓಡಾಡತೊಡಗಿದರೆ ತಕ್ಷಣ ನಿಲ್ಲಿಸಿ, ಆ ಹಾಡನ್ನು ಪಟ್ಟಿಯಿಂದ ತೆಗೆದುಬಿಡಿ. ಯಾವ ಸಾವಿನ ಮನೆಯಲ್ಲಿ ಕೇಳಿದ್ದೋ, ನಮಗೆ ಗೊತ್ತಿರುವುದಿಲ್ಲ ಅಲ್ವಾ? ‘ಇದು ಯಾರ ಹಾಡು ಹೇಳಮ್ಮಾ’ ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ಉತ್ತರ ಸಿಗದೆ ಕುಗ್ಗಿಹೋಗುತ್ತಾರೆ. ಸುಮ್ನೆ ಜೊತೆಗೆ ಹಾಡಿ. ಶ್ರುತಿ ತಪ್ಪಿದರೂ ಪರವಾಗಿಲ್ಲ.

ಸ್ನಾನಕ್ಕೆ ರಗಳೆ ಮಾಡುವವರಿಗೆ ಸ್ನಾನಕ್ಕೆ ಮುಂಚೆ, ಸಂಜೆ ಚಡಪಡಿಸುವವರಿಗೆ ಕತ್ತಲಾಗುವ ಮೊದಲೇ ಹಾಕಿ. ಇಪ್ಪತ್ತು ನಿಮಿಷ ಸಾಕು, ಆಮೇಲೆ ಮನೆ ಸದ್ದಿಲ್ಲದೆ ಇರಲಿ.

ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಹಾಕಬಾರದ ಹಾಡುಗಳನ್ನೂ ಅದರಲ್ಲೇ ಬರೆಯಿರಿ. ನೋಡಿಕೊಳ್ಳಲು ಬರುವ ಹುಡುಗಿಗೆ ಒಂದು ಪ್ರತಿ ಕೊಡಿ, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಫೈಲಿನ ಜೊತೆ ಇನ್ನೊಂದು ಪ್ರತಿ ಇಡಿ.