ಮೊದಲು ಚೀಲ ಸುರಿಯಿರಿ, ಆಮೇಲೆ ಗುಳಿಗೆ

ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಪರಾತ ಇದೆ. ಹಿಟ್ಟು ನಾದುವಷ್ಟು ಅಗಲವಾದದ್ದು. ಮೇಲಿನವರು ತಪಾಸಣೆಗೆ ಬಂದಾಗಲೆಲ್ಲ ಇದು ಇಲ್ಲಿ ಯಾಕಿದೆ ಎಂದು ಕೇಳುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗೆ ಬಂದವರು ಮನೆಯಲ್ಲಿರುವ ಔಷಧಗಳನ್ನೆಲ್ಲ ಚೀಲದಲ್ಲಿ ತಂದು ಈ ಪರಾತದಲ್ಲಿ ಸುರಿಯಬೇಕು. ಸುರಿಯದೆ ಹೊಸ ಗುಳಿಗೆ ಸಿಗುವುದಿಲ್ಲ. ಈ ನಿಯಮ ಯಾವ ಸುತ್ತೋಲೆಯಲ್ಲೂ ಇಲ್ಲ, ನನ್ನದೇ ಒಂದು ತಪ್ಪಿನಿಂದ ಹುಟ್ಟಿದ್ದು.

ನಾನು ಅಥಣಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ಉದ್ದ, ಊರವರಿಗೆ ನಾನು ‘ಸಿಸ್ಟರ್’. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಸಮುದಾಯ ಆರೋಗ್ಯದ ತರಬೇತಿ ಪಡೆದು ಇಲ್ಲಿಗೆ ಬಂದೆ. ನನ್ನಂಥವರು ಕೆಲಸ ಮಾಡುವ ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ಗಳಲ್ಲಿ ದೇಶದ ಮೊದಲನೆಯದು 2018ರ ಏಪ್ರಿಲ್ 14ರಂದು ಬಿಜಾಪುರ ಜಿಲ್ಲೆಯಲ್ಲಿ ಉದ್ಘಾಟನೆಯಾಯಿತು ಎಂದು ತರಬೇತಿಯಲ್ಲಿ ಕೇಳಿದಾಗ ಈ ಕಡೆಯವರಾದ ನಾವು ಮೂವರು ಬೀಗಿದ್ದೇ ಬೀಗಿದ್ದು. ಅದು ಛತ್ತೀಸಗಡದ ಬಿಜಾಪುರ. ನಮ್ಮದು 2014ರಲ್ಲೇ ವಿಜಯಪುರವಾಗಿತ್ತು.

ಹೊರದೇಶಗಳ ನರ್ಸ್ ಪ್ರಾಕ್ಟಿಷನರ್‌ಗಳ (ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆ ಕೊಡುವ ನರ್ಸ್‌ಗಳ) ಬಗ್ಗೆ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅಮೆರಿಕದ ಕೊಲರಾಡೊದಲ್ಲಿ 1965ರಲ್ಲೇ ಅವರ ತರಬೇತಿ ಶುರುವಾಗಿದೆ. ಇವತ್ತು ಅಲ್ಲಿನ ಹಲವು ರಾಜ್ಯಗಳಲ್ಲಿ ಅವರು ಸ್ವಂತ ಸಹಿಯಲ್ಲಿ ಔಷಧ ಬರೆಯುತ್ತಾರೆ. ನಮ್ಮಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮಿನಲ್ಲಿ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿಯ ಮಾತು ಬರುತ್ತದೆ. ಅಲ್ಲಿಯೂ ಪ್ರಾಥಮಿಕ ಮತ್ತು ರೋಗತಡೆ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಗಳಿಗಷ್ಟೇ ಸ್ವಾತಂತ್ರ್ಯ, ಉಳಿದದ್ದೆಲ್ಲ ವೈದ್ಯರ ಮೇಲ್ವಿಚಾರಣೆಯಲ್ಲಿ. ನನ್ನ ದಿನದ ಕೆಲಸ ಇದಕ್ಕಿಂತ ಸರಳ. ಸಣ್ಣಪುಟ್ಟ ಜ್ವರ, ಭೇದಿ, ಕಜ್ಜಿಗೆ ಮಾರ್ಗಸೂಚಿಯ ಪ್ರಕಾರ ನಾನೇ ಔಷಧ ಕೊಡುತ್ತೇನೆ. ಬಿಪಿಗೆ, ಸಕ್ಕರೆ ಕಾಯಿಲೆಗೆ ಗುಳಿಗೆ ಶುರು ಮಾಡುವುದು, ಪ್ರಮಾಣ ಏರಿಸಿ ಇಳಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು. ತಿಂಗಳು ತಿಂಗಳು ನೋಡಿ ಮುಂದುವರಿಸುವುದು ನಾನು. ‘ಮುಂದುವರಿಸುವುದು’ ಎಂಬ ಮಾತು ಕೇಳಲು ಹಗುರ. ನಾನು ಎಡವಿದ್ದು ಅಲ್ಲಿಯೇ.

ಒಬ್ಬ ಅವ್ವನಿಗೆ ಅರವತ್ತು ದಾಟಿತ್ತು, ವಿಠ್ಠಲನ ಭಕ್ತೆ. ಸಕ್ಕರೆ ಕಾಯಿಲೆಗೆ ನಮ್ಮ ಚೀಟಿಯ ಪ್ರಕಾರ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆರಡು, ಗ್ಲಿಮೆಪಿರೈಡ್ 1 ಮಿಲಿಗ್ರಾಂ ಬೆಳಿಗ್ಗೆ ಒಂದು. ಅವರು ಬಂದದ್ದು ಗುರುವಾರ, ಲಸಿಕೆಯ ದಿನ. ಒಳಗೆ ಹತ್ತು ಹನ್ನೆರಡು ಕೂಸುಗಳು ಒಂದೇ ಸಮನೆ ಅಳುತ್ತಿದ್ದವು. “ಅವ್ವಾ, ಆರಾಮಾಗಿದ್ದೀರಾ?” ಎಂದೆ. “ಆರಾಮು” ಎಂದರು. ಕಾರ್ಡಿನಲ್ಲಿ ಬರೆದು ಮೂವತ್ತು ದಿನದ ಗುಳಿಗೆ ಎಣಿಸಿ ಕೊಟ್ಟೆ. ಅದರ ಹದಿನೈದು ದಿನ ಹಿಂದೆ ಮಗ ಅವರನ್ನು ಮೀರಜಿಗೆ ಕರೆದುಕೊಂಡು ಹೋಗಿ ತೋರಿಸಿದ್ದ. ಅಲ್ಲಿ ಕೊಟ್ಟ ಒಂದೇ ಗುಳಿಗೆಯಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ ಸೇರಿತ್ತು, ಹೊದಿಕೆಯ ಮೇಲೆ ಮಾತ್ರ ಕಂಪನಿ ಇಟ್ಟ ಬೇರೆ ಹೆಸರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದೂ ದವಾಖಾನೆಯದು, ಇದೂ ದವಾಖಾನೆಯದು ಎಂದು ನಿಷ್ಠೆಯಿಂದ ಎರಡನ್ನೂ ನುಂಗುತ್ತಿದ್ದರು.

ಆಷಾಢ ಏಕಾದಶಿಯ ದಿನ ಬೆಳಿಗ್ಗೆ ಎರಡೂ ಗುಳಿಗೆ ನುಂಗಿ ಉಪವಾಸ ಕುಳಿತರು, ಸಾಬುದಾಣಿ ಕೂಡ ಮುಟ್ಟಲಿಲ್ಲ. ಹನ್ನೊಂದರ ಸುಮಾರಿಗೆ ಭಜನೆಯ ನಡುವೆ ಮೈ ನಡುಗಿ, ಬೆವರು ಹರಿದು, ಮಾತು ತೊದಲಿತು. ದೇವರು ಮೈಮೇಲೆ ಬಂದಿದ್ದಾನೆ ಎಂದು ಒಬ್ಬರು ಆರತಿ ತಟ್ಟೆಯನ್ನೂ ತಂದರಂತೆ. ನಮ್ಮ ಆಶಾ ಕಾರ್ಯಕರ್ತೆ ಅಲ್ಲೇ ಇದ್ದದ್ದು ಪುಣ್ಯ, ಫೋನ್ ಮಾಡಿದಳು. ರಕ್ತದ ಸಕ್ಕರೆ ನೋಡುವ ಗ್ಲೂಕೋಮೀಟರ್ ಹಿಡಿದು ಓಡಿದೆ. 48 ತೋರಿಸಿತು. 70ಕ್ಕಿಂತ ಇಳಿದರೇ ಅಪಾಯ.

ಎಚ್ಚರವಿದ್ದರು, ನುಂಗಲು ಆಗುತ್ತಿತ್ತು. ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದೆ. “ಏಕಾದಶಿ, ಸಿಸ್ಟರ್” ಎಂದು ಬಾಯಿ ಬಿಗಿಹಿಡಿದರು. ಅವರ ತಂಗಿ ಗದರಿದ ಮೇಲೆ ಕುಡಿದರು. ಹದಿನೈದು ನಿಮಿಷಕ್ಕೆ 66, ಮತ್ತೆ ಸಕ್ಕರೆ ನೀರು, ಆಮೇಲೆ 94. ಎದ್ದು ಕುಳಿತು ನಕ್ಕರು. ಮನೆಯವರು ಸಾಕು ಎಂದರೂ ನಾನು 108ಕ್ಕೆ ಕರೆ ಮಾಡಿ ಅಥಣಿಗೆ ಕಳಿಸಿದೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡಿನ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಏರಿದ ಸಕ್ಕರೆ ಮತ್ತೆ ಜಾರಬಹುದು. ಗಾಡಿ ಹೊರಟ ಮೇಲೆ ಅವರ ತಂಗಿ ಗೂಡಿನಿಂದ ಬಟ್ಟೆಯ ಚೀಲ ತೆಗೆದು ಹಾಸಿಗೆಯ ಮೇಲೆ ಸುರಿದರು. ಎರಡು ಹೊದಿಕೆಗಳನ್ನು ಅಕ್ಕಪಕ್ಕ ಇಟ್ಟು ಸಣ್ಣ ಅಕ್ಷರ ಓದಿದಾಗ ನನ್ನ ಕೈಯೂ ಬೆವರಿತು.

ಸಂಜೆ ವೈದ್ಯಾಧಿಕಾರಿಗಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಬರೆದೂ ಕೊಟ್ಟೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು, “ನಾನು ಚೀಟಿ ಬರೆಯುವಾಗಲೂ ಚೀಲ ಕೇಳಿರಲಿಲ್ಲ” ಎಂದಷ್ಟೇ ಹೇಳಿದರು. ಮರುವಾರ ಪರಾತ ತಂದೆ.

ಪರಾತ ಏನೇನು ತೋರಿಸಿದೆ! ಬಿಪಿ ಗುಳಿಗೆ ಎನಾಲಪ್ರಿಲ್‌ನಿಂದ ಬಂದ ಒಣಕೆಮ್ಮಿಗೆ ಮೂರು ಬಾಟಲಿ ಕೆಮ್ಮಿನ ಔಷಧ. ಇನ್ನೊಂದು ಬಿಪಿ ಗುಳಿಗೆ ಆಮ್ಲೋಡಿಪಿನ್‌ನಿಂದ ಪಾದ ಊದಿದ್ದಕ್ಕೆ ಯಾರೋ ಕೊಟ್ಟ ಮೂತ್ರ ಹೋಗುವ ಗುಳಿಗೆ. ಹೀಗೆ ಒಂದು ಗುಳಿಗೆ ತಂದ ತೊಂದರೆಗೆ ಇನ್ನೊಂದು ಗುಳಿಗೆ ಬೆಳೆಯುತ್ತಾ ಹೋಗುತ್ತದೆ. ಅನುಮಾನ ಬಂದರೆ ವೈದ್ಯರಿಗೆ ತಿಳಿಸುತ್ತೇನೆ. ಔಷಧದ ದುಷ್ಪರಿಣಾಮ ವರದಿ ಮಾಡಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ, ರೋಗಿಗಳೂ ಕರೆ ಮಾಡಬಹುದು. ಕಬ್ಬು ಕಡಿಯುವವರ ಚೀಲದಲ್ಲಿ ನೋವಿನ ಗುಳಿಗೆ ಡೈಕ್ಲೋಫೆನಾಕ್ ಇರುವುದಂತೂ ಖಾತ್ರಿ. ಬಿಪಿಗೆ ಟೆಲ್ಮಿಸಾರ್ಟನ್ ನುಂಗುವವರು ಅದನ್ನು ದಿನಾ ನುಂಗಿದರೆ ಬಿಪಿ ಏರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. “ನೀವು ಕೊಡದಿದ್ದರೆ ಅಂಗಡಿಯವನು ಕೊಡುತ್ತಾನೆ” ಎಂದು ಒಬ್ಬ ಕಾಕಾ ಸಿಟ್ಟಿನಿಂದ ಎದ್ದು ಹೋದರು. ಕೊಡುತ್ತಾನೆ ನಿಜ. ಅದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ. ಪ್ಯಾರಸಿಟಮಾಲ್ ಮತ್ತು ಬಿಸಿನೀರಿನ ಶಾಖದ ಬಗ್ಗೆ ಹೇಳಿದರೆ ಮುಖ ಗಂಟಿಕ್ಕುತ್ತಾರೆ.

ಚೀಲದಲ್ಲಿ ಕಾಣದ್ದನ್ನು ಬಾಯಿಬಿಟ್ಟು ಕೇಳಬೇಕು. ಮೂವತ್ತಾರು ವರ್ಷದ ಒಬ್ಬರು ಟೆಲ್ಮಿಸಾರ್ಟನ್‌ಗೆ ಬಂದಾಗ ಮುಟ್ಟು ಯಾವಾಗ ಬಂದಿತ್ತು ಎಂದು ಕೇಳಿದೆ. “ಈ ವಯಸ್ಸಿಗೆ ಅದೇನು ಕೇಳುತ್ತೀರಿ” ಎಂದು ನಾಚಿದರು. ಎರಡು ತಿಂಗಳಾಗಿತ್ತು. ಪರೀಕ್ಷೆ ಮಾಡಿದರೆ ಗರ್ಭಿಣಿ. ಆ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡುತ್ತದೆ. ಅಲ್ಲೇ ಕುಳಿತು ವೈದ್ಯರಿಗೆ ಫೋನ್ ಮಾಡಿದೆ, ಅದೇ ದಿನ ಬೇರೆ ಗುಳಿಗೆಗೆ ಬದಲಾಯಿತು. ಫೋನಿನಲ್ಲಿ ಹೇಳಿದ ಪ್ರಮಾಣವನ್ನು ತಿರುಗಿಸಿ ಒಪ್ಪಿಸುತ್ತೇನೆ: “ಒಂದು, ಸೊನ್ನೆ, ಸೊನ್ನೆ, ನೂರು ಮಿಲಿಗ್ರಾಂ, ಸರಿಯೇ ಸರ್?” ಶಾಲೆಯ ಮಗ್ಗಿಯಂತೆ ಕೇಳಿಸಿದರೂ ಬಿಡುವುದಿಲ್ಲ.

ಕೂಸುಗಳ ಸಿರಪ್ ಇನ್ನೊಂದು ಬಲೆ. ಪ್ಯಾರಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಎಂಟು ಕಿಲೋ ಕೂಸಿಗೆ ಕಿಲೋಗೆ 15ರಂತೆ ಒಂದು ಸಲಕ್ಕೆ 120 ಮಿಲಿಗ್ರಾಂ ಸಾಕು. ಮೊದಲನೆಯದರಲ್ಲಿ ಹತ್ತಿರಹತ್ತಿರ 5 ಎಂಎಲ್, ಎರಡನೆಯದರಲ್ಲಿ ಅದರ ಅರ್ಧ. ‘ಒಂದು ಚಮಚ’ ಎಂದು ಹೇಳಿ ಕಳಿಸಿದರೆ ತಾಯಿ ಯಾವ ಬಾಟಲಿ, ಯಾವ ಚಮಚ ಹಿಡಿಯುತ್ತಾಳೋ ಯಾರು ಕಂಡವರು. ತೂಕ ನೋಡದೆ ಸಿರಪ್ ಕೊಡುವುದಿಲ್ಲ, ಮುಚ್ಚಳದ ಗೆರೆಗೆ ಪೆನ್ನಿನಿಂದ ಗುರುತು ಹಾಕಿ, ತಾಯಿಯ ಕೈಯಲ್ಲೇ ಒಮ್ಮೆ ನೀರು ಸುರಿಸಿ ನೋಡುತ್ತೇನೆ.

ಓದು ಬಾರದವರಿಗೆ ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಅರ್ಧಚಂದ್ರ ಬರೆಯುತ್ತಿದ್ದೆ, ಅದೂ ಹೆಮ್ಮೆಯಿಂದ. ಒಬ್ಬ ಅಜ್ಜನ ಬಿಪಿ ಎರಡು ತಿಂಗಳಾದರೂ ಇಳಿಯಲಿಲ್ಲ. ಪರಾತದಲ್ಲಿ ನೋಡಿದರೆ ಗುಳಿಗೆಗಳೆಲ್ಲ ಅರ್ಧರ್ಧ ತುಂಡು. “ನೀವೇ ಅರ್ಧ ಬರೆದಿದ್ದೀರಲ್ಲ” ಎಂದು ಚಂದ್ರನನ್ನು ತೋರಿಸಿದರು. ಈಗ ರಾತ್ರಿಗೆ ಕಂದೀಲು ಬರೆಯುತ್ತೇನೆ. ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ಕೆಲವರು ತತ್ರಾಣಿ ಎನ್ನುತ್ತಾರೆ. ಏನೇ ಎನ್ನಲಿ, ಯಾವಾಗ ಎಷ್ಟು ನುಂಗುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸದೆ ಪೊಟ್ಟಣ ಕೈಬಿಡುವುದಿಲ್ಲ.

ಏಕಾದಶಿಯ ಆ ಅವ್ವ ಈಗಲೂ ಬರುತ್ತಾರೆ. ವೈದ್ಯರು ಗ್ಲಿಮೆಪಿರೈಡ್ ನಿಲ್ಲಿಸಿದ್ದಾರೆ. ಉಪವಾಸದ ದಿನಗಳನ್ನು ವಾರ ಮೊದಲೇ ನನಗೆ ಹೇಳಿ, ಆ ದಿನ ಏನು ನುಂಗಬೇಕು ಎಂದು ಕೇಳಿಕೊಂಡು ಹೋಗುತ್ತಾರೆ. ಮೊನ್ನೆ ಅವರ ಚೀಲ ಸುರಿದಾಗ ಹೆಬ್ಬೆರಳು ಗಾತ್ರದ ಎರಡು ಗುಳಿಗೆಗಳು ಉರುಳಿ ಬಿದ್ದವು. ತಿರುಗಿಸಿ ಮುರುಗಿಸಿ ನೋಡಿದೆ, ಹೆಸರು ತಿಳಿಯಲಿಲ್ಲ.

“ಅವು ಎಮ್ಮೆಯವು” ಎಂದರು. “ಎಲ್ಲ ತನ್ನಿ ಎಂದಿದ್ದೀರಲ್ಲ, ತಂದಿದ್ದೇನೆ.”